ಬಾರದವಳು ಮೊದಲು, ಬಂದವಳು ಇಲ್ಲ!

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಮೆರಿಕದಲ್ಲಿದ್ದಾನೆ. ಹತ್ತನೆಯ ತರಗತಿಯಲ್ಲಿ ನನ್ನ ಬಳಿ ವಿಜ್ಞಾನ ಕಲಿತವನು. ಈಗ ಅವನಿಗೇ ಹತ್ತು ವರ್ಷದ ಮಗಳಿದ್ದಾಳೆ. ಕಳೆದ ವರ್ಷ ಜೂನ್ ತಿಂಗಳ ಒಂದು ಭಾನುವಾರ ಫೋನ್ ಮಾಡಿ, ‘ಸರ್, ನಮ್ಮ ತಂಡದ ಹುಡುಗಿಯೊಬ್ಬಳು 50 ಮೀಟರ್ ದೂರವನ್ನು ಸೊನ್ನೆ ಸೆಕೆಂಡಿನಲ್ಲಿ ಈಜಿ ಮೊದಲ ಸ್ಥಾನ ಪಡೆದಿದ್ದಾಳೆ’ ಎಂದ.

‘ಹಾಗಾದರೆ ಬೆಳಕನ್ನೂ ಹಿಂದೆ ಹಾಕಿದಳು ಅನ್ನು!’ ಎಂದೆ.

‘ಇಲ್ಲ ಸರ್, ಅವಳು ಜ್ವರ ಬಂದು ಮನೆಯಲ್ಲೇ ಮಲಗಿದ್ದಳು.’

ಇಬ್ಬರೂ ನಕ್ಕೆವು. ಆದರೆ ನಗು ಮುಗಿದ ಮೇಲೆ ಅವನು ವಿವರಿಸಿದ ಸಂಗತಿಗಳು ಪ್ರೋಗ್ರಾಂ ಬರೆಯಬೇಕೆಂಬ ಆಸೆಯಿರುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಪಾಠವಾಗುವಂಥವು. ಅವರ ತಂದೆತಾಯಿಗಳಿಗೂ ಅದರಲ್ಲಿ ಒಂದು ಮಾತಿದೆ.

ಅಮೆರಿಕದಲ್ಲಿ ಬೇಸಿಗೆ ಬಂತೆಂದರೆ ಬಡಾವಣೆಯ ಈಜುಕೊಳಗಳಲ್ಲಿ ಮಕ್ಕಳ ತಂಡಗಳು ಸಿದ್ಧವಾಗುತ್ತವೆ. ತಂಡಗಳ ನಡುವೆ ಸ್ಪರ್ಧೆ ನಡೆಯುತ್ತದೆ. ಇದರ ಹೆಚ್ಚಿನ ಕೆಲಸವೆಲ್ಲ ತಂದೆತಾಯಿಗಳದೇ. ಕೆಲವರು ಕೊಳದ ಅಂಚಿನಲ್ಲಿ ಸ್ಟಾಪ್‌ವಾಚ್ ಹಿಡಿದು ನಿಲ್ಲುತ್ತಾರೆ, ಕೆಲವರು ಮಕ್ಕಳನ್ನು ಸಾಲಾಗಿ ಕೂರಿಸುತ್ತಾರೆ. ಫ್ರೀಸ್ಟೈಲ್, ಬ್ಯಾಕ್‌ಸ್ಟ್ರೋಕ್, ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈ ಎಂಬ ನಾಲ್ಕು ಶೈಲಿಗಳು, ಹಲವು ವಯೋಗುಂಪುಗಳು, ಹುಡುಗರು ಬೇರೆ, ಹುಡುಗಿಯರು ಬೇರೆ, ಜೊತೆಗೆ ರಿಲೇ. ಒಂದು ದಿನದ ಸ್ಪರ್ಧೆ ಮುಗಿಯುವ ಹೊತ್ತಿಗೆ ನೂರಾರು ಅಂಕಿಗಳು ಗುಡ್ಡೆಯಾಗುತ್ತವೆ. ಇವನ್ನೆಲ್ಲ ತಂಡದ ವೆಬ್‌ಸೈಟಿನಲ್ಲಿ ಒಪ್ಪವಾಗಿ ಇಡುವ ಕೆಲಸವನ್ನು ನನ್ನ ವಿದ್ಯಾರ್ಥಿ ವಹಿಸಿಕೊಂಡಿದ್ದ. ಅದಕ್ಕಾಗಿ ಒಂದು ‘ಪ್ಲಗಿನ್’ ಬರೆಯತೊಡಗಿದ.

ಪ್ಲಗಿನ್ ಎಂದರೇನು? ಟ್ರ್ಯಾಕ್ಟರನ್ನು ನೆನಪಿಸಿಕೊಳ್ಳಿ. ಎಂಜಿನ್ ಒಂದೇ. ಹಿಂದೆ ನೇಗಿಲು ಸಿಕ್ಕಿಸಿದರೆ ಉಳುತ್ತದೆ, ಟ್ರೈಲರ್ ಸಿಕ್ಕಿಸಿದರೆ ಕಬ್ಬು ಸಾಗಿಸುತ್ತದೆ. ನೇಗಿಲು ಬೇಕೆಂದು ಯಾರೂ ಎಂಜಿನ್ ಬಿಚ್ಚುವುದಿಲ್ಲ. ವರ್ಡ್‌ಪ್ರೆಸ್ ಎಂಬುದು ವೆಬ್‌ಸೈಟುಗಳನ್ನು ನಡೆಸುವ ಅಂಥ ಒಂದು ಎಂಜಿನ್. 2003ರಲ್ಲಿ ಬಂದ ಈ ತಂತ್ರಾಂಶವನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು, ತಿದ್ದಬಹುದು. 2004ರ ಆವೃತ್ತಿಯಿಂದ ಅದಕ್ಕೆ ಪ್ಲಗಿನ್ ಸಿಕ್ಕಿಸುವ ಅನುಕೂಲ ದೊರೆಯಿತು. ಪುಟವೊಂದನ್ನು ತಯಾರಿಸುವಾಗ ವರ್ಡ್‌ಪ್ರೆಸ್ ಕೆಲವು ಗೊತ್ತಾದ ಜಾಗಗಳಲ್ಲಿ ನಿಂತು, ‘ಇಲ್ಲಿ ಯಾರಿಗಾದರೂ ಕೆಲಸವಿದೆಯೇ?’ ಎಂದು ಕೇಳುತ್ತದೆ. ಪ್ಲಗಿನ್ ಅಲ್ಲಿ ಕೈಯೆತ್ತಿ ತನ್ನ ಕೆಲಸ ಮಾಡಿ ಮುಗಿಸುತ್ತದೆ. ಈಜು ತಂಡದ ಪಟ್ಟಿ, ಫಲಿತಾಂಶ, ಅಭ್ಯಾಸದ ವೇಳಾಪಟ್ಟಿ ಎಲ್ಲವೂ ಹೀಗೆ ಪುಟದಲ್ಲಿ ಮೂಡುತ್ತವೆ.

ಇನ್ನು ಸೊನ್ನೆಯ ಕಥೆಗೆ ಬರೋಣ. ಸ್ಪರ್ಧೆಗೆ ಬಾರದ ಮಗುವಿನ ಮುಂದೆ ಅಂಕಿ ಇರಲಿಲ್ಲ. ಖಾಲಿ ಜಾಗವನ್ನು ಪ್ರೋಗ್ರಾಂ ಸೊನ್ನೆ ಎಂದು ಓದಿಕೊಂಡಿತು. ಕಡಿಮೆ ಸಮಯ ತೆಗೆದುಕೊಂಡವರು ಮೇಲೆ ಎಂಬುದು ಈಜಿನ ನಿಯಮ. ಸೊನ್ನೆಗಿಂತ ಕಡಿಮೆ ಯಾವುದಿದೆ? ನಾವು ಮೇಷ್ಟರುಗಳು ಈ ತಪ್ಪನ್ನು ಮಾಡುವುದಿಲ್ಲ. ಪರೀಕ್ಷೆಗೆ ಬಂದು ಏನೂ ಬರೆಯದವನಿಗೆ ಸೊನ್ನೆ, ಬಾರದವನಿಗೆ ‘ಗೈರುಹಾಜರಿ’. ಸೊನ್ನೆ ಒಂದು ಅಳತೆ, ಗೈರುಹಾಜರಿ ಅಳತೆಯೇ ಅಲ್ಲ. ಈಜಿನಲ್ಲಂತೂ ಸಮಯವಿಲ್ಲದವರಲ್ಲಿ ಹಲವು ಬಗೆ. ಸ್ಪರ್ಧೆಗೆ ಬಾರದವರು, ಹೊರಟು ಮುಗಿಸದವರು, ನಿಯಮ ಮೀರಿ ಅನರ್ಹರಾದವರು, ಆ ದೂರವನ್ನು ಹಿಂದೆ ಎಂದೂ ಈಜದವರು. ಒಳ್ಳೆಯ ಪ್ರೋಗ್ರಾಂ ಪ್ರತಿಯೊಂದಕ್ಕೂ ಬೇರೆ ಗುರುತು ಇಡಬೇಕು.

ಎರಡನೆಯ ಎಡವಟ್ಟು ಇನ್ನೂ ಸ್ವಾರಸ್ಯಕರ. ಒಂದು ಮಗು 59.80 ಸೆಕೆಂಡಿನಲ್ಲಿ ಈಜಿತು, ಇನ್ನೊಂದು 1 ನಿಮಿಷ 2.30 ಸೆಕೆಂಡಿನಲ್ಲಿ. ಇವನ್ನು 59.80 ಮತ್ತು 1:02.30 ಎಂದು ಬರೆಯುತ್ತಾರೆ. ಕಂಪ್ಯೂಟರ್ ಇವನ್ನು ಅಕ್ಷರಗಳೆಂದು ತಿಳಿದರೆ ನಿಘಂಟಿನ ಕ್ರಮದಲ್ಲಿ ಜೋಡಿಸುತ್ತದೆ. 1 ಎಂಬುದು 5ಕ್ಕಿಂತ ಮೊದಲು. ಹಿಂದೆ ಬಿದ್ದವಳು ಮುಂದೆ ಬಂದುಬಿಡುತ್ತಾಳೆ! ಹಾಗೆಂದು ದಶಮಾಂಶದಲ್ಲಿ ಇಟ್ಟರೂ ತೊಡಕಿದೆ. ಮೂರನೆಯ ಒಂದು ಭಾಗವನ್ನು ನಾವು 0.333... ಎಂದು ಎಷ್ಟು ಬರೆದರೂ ಮುಗಿಯುವುದಿಲ್ಲವಲ್ಲ, ಹಾಗೆಯೇ 0 ಮತ್ತು 1ನ್ನು ಮಾತ್ರ ಬಲ್ಲ ಕಂಪ್ಯೂಟರಿಗೆ ಹತ್ತನೆಯ ಒಂದು ಭಾಗ ಮುಗಿಯುವುದಿಲ್ಲ. 0.1ಕ್ಕೆ 0.2 ಕೂಡಿಸು ಎಂದರೆ ಹಲವು ಪ್ರೋಗ್ರಾಂ ಭಾಷೆಗಳು 0.30000000000000004 ಎನ್ನುತ್ತವೆ. ದಾರಿ ಸುಲಭ. ಎಲ್ಲ ಸಮಯವನ್ನೂ ಸೆಕೆಂಡಿನ ನೂರನೆಯ ಭಾಗಗಳಲ್ಲಿ ಎಣಿಸಿ ಪೂರ್ಣಾಂಕವಾಗಿ ಇಡುವುದು. 59.80 ಎಂದರೆ 5980, 1:02.30 ಎಂದರೆ 6230. ನಾವು ರೂಪಾಯಿಯ ಲೆಕ್ಕವನ್ನು ಪೈಸೆಯಲ್ಲಿ ಮಾಡಿದ ಹಾಗೆ.

ನೂರನೆಯ ಒಂದು ಭಾಗ ಅಷ್ಟು ಮುಖ್ಯವೆ? ನಮ್ಮ ಬೆಂಗಳೂರಿನ ಹುಡುಗ ಶ್ರೀಹರಿ ನಟರಾಜ್ ಅವರನ್ನು ನೆನೆಯಿರಿ. ಟೋಕಿಯೊ ಒಲಿಂಪಿಕ್ಸ್‌ಗೆ 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ ನೇರ ಅರ್ಹತೆ ಪಡೆಯಲು 53.85 ಸೆಕೆಂಡಿನ ಗಡಿ ಇತ್ತು. 2021ರ ಜೂನ್‌ನಲ್ಲಿ ರೋಮ್ ನಗರದಲ್ಲಿ ಅವರು ಈಜಿದ್ದು 53.77 ಸೆಕೆಂಡಿನಲ್ಲಿ. ಅಂತರ 8 ನೂರನೆಯ ಭಾಗ. ಅದು ಸಮಯ ಪರೀಕ್ಷೆಗೆಂದು ಈಜಿದ್ದಾದ್ದರಿಂದ ಅಂತರರಾಷ್ಟ್ರೀಯ ಈಜು ಒಕ್ಕೂಟ ಒಪ್ಪಿಗೆ ಕೊಟ್ಟ ಮೇಲೆಯೇ ಅರ್ಹತೆ ಖಚಿತವಾಯಿತು. ಅಂಕಿ ಒಳ್ಳೆಯದಾದರೆ ಸಾಲದು, ಅದಕ್ಕೆ ಸಾಕ್ಷಿಯೂ ಬೇಕು.

ಹಾಗಾದರೆ ಸಾವಿರನೆಯ ಭಾಗವನ್ನೇ ಏಕೆ ಅಳೆಯಬಾರದು? ಅಳೆದು ನೋಡಿದ್ದೂ ಉಂಟು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನ 400 ಮೀಟರ್ ಮೆಡ್ಲೆಯಲ್ಲಿ ಸ್ವೀಡನ್ನಿನ ಗುನ್ನಾರ್ ಲಾರ್ಸನ್ 4:31.981, ಅಮೆರಿಕದ ಟಿಮ್ ಮೆಕೀ 4:31.983. ಸಾವಿರನೆಯ ಎರಡು ಭಾಗದ ಅಂತರದಲ್ಲಿ ಚಿನ್ನ ಲಾರ್ಸನ್‌ಗೆ ಹೋಯಿತು. ವಿದ್ಯಾರ್ಥಿಗಳೇ, ಲೆಕ್ಕ ಹಾಕಿ ನೋಡಿ. 400 ಮೀಟರನ್ನು ಸುಮಾರು 272 ಸೆಕೆಂಡಿನಲ್ಲಿ ಈಜಿದರೆ ವೇಗ ಸೆಕೆಂಡಿಗೆ ಸುಮಾರು 1.47 ಮೀಟರ್. ಸಾವಿರನೆಯ ಎರಡು ಭಾಗದಲ್ಲಿ ಕ್ರಮಿಸುವ ದೂರ 3 ಮಿಲಿಮೀಟರಿಗೂ ಕಡಿಮೆ. ಒಬ್ಬನ ಲೇನ್ ಪಕ್ಕದ ಲೇನಿಗಿಂತ ಬರೀ 1 ಸೆಂಟಿಮೀಟರ್ ಉದ್ದವಿದ್ದರೆ ಎಂಟು ಸಲ ಈಜುವಾಗ 8 ಸೆಂಟಿಮೀಟರ್ ಹೆಚ್ಚಾಯಿತು! ಗಾರೆ ಕೆಲಸದವನ ಕರಣೆಗೆ ಸಿಗದಷ್ಟು ಸಣ್ಣ ಅಳತೆಯನ್ನು ಈಜುಗಾರನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆ ಬಳಿಕ ನಿಯಮವನ್ನು ತಿದ್ದಿ ನೂರನೆಯ ಭಾಗಕ್ಕೇ ನಿಲ್ಲಿಸಿದರು. ಹೀಗಾಗಿ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ಫ್ರೀಸ್ಟೈಲನ್ನು 21.98 ಸೆಕೆಂಡಿನಲ್ಲಿ ಮುಗಿಸಿದ ಆಂಥನಿ ಎರ್ವಿನ್ ಮತ್ತು ಗ್ಯಾರಿ ಹಾಲ್ ಇಬ್ಬರಿಗೂ ಚಿನ್ನ ದೊರೆಯಿತು. ಪ್ಲಗಿನ್ ಬರೆಯುವವನಿಗೆ ಇದರಿಂದ ಇನ್ನೊಂದು ಕೆಲಸ. ಇಬ್ಬರು ಮೊದಲಿಗರಾದರೆ ಮುಂದಿನವಳು ಎರಡನೆಯವಳಲ್ಲ, ಮೂರನೆಯವಳು.

ಕೊಳದ ಅಳತೆಯನ್ನೂ ಮರೆಯುವಂತಿಲ್ಲ. ಅಮೆರಿಕದಲ್ಲಿ 50 ಮೀಟರ್, 25 ಮೀಟರ್, 25 ಗಜ ಹೀಗೆ ಮೂರು ಬಗೆಯ ಕೊಳಗಳಿವೆ. 25 ಗಜವೆಂದರೆ 22.86 ಮೀಟರ್. 50 ಗಜದ ಈಜು 50 ಮೀಟರಿಗಿಂತ 4 ಮೀಟರಿಗೂ ಹೆಚ್ಚು ಕಡಿಮೆ. ‘ನನ್ನ ಮಗಳು 40 ಸೆಕೆಂಡಿನಲ್ಲಿ ಈಜಿದಳು’ ಎಂದರೆ ಅರ್ಧ ಮಾತು, ಯಾವ ಕೊಳದಲ್ಲಿ ಎಂದರೆ ಪೂರ್ತಿ ಮಾತು. ಮಾನವಿಲ್ಲದ ಉತ್ತರಕ್ಕೆ ನಾನು ಅರ್ಧ ಅಂಕ ಕಳೆಯುವುದು ಇದಕ್ಕೇ.

ಇದೆಲ್ಲ ಸರಿಹೋಯಿತು. ಜುಲೈ ಕೊನೆಗೆ ಅವನು ಮತ್ತೆ ಫೋನ್ ಮಾಡಿದ. ಈ ಸಲ ದನಿಯಲ್ಲಿ ನಗುವಿರಲಿಲ್ಲ.

ಋತುವಿನ ಕೊನೆಯ ದೊಡ್ಡ ಸ್ಪರ್ಧೆಗೆ ಹೋಗಬೇಕಾದರೆ ಮೂರು ಸ್ಪರ್ಧೆಗಳಲ್ಲಾದರೂ ಈಜಿರಬೇಕು ಎಂಬುದು ಅಲ್ಲಿನ ನಿಯಮ. ಅವನ ಮಗಳು ನಾಲ್ಕರಲ್ಲಿ ಈಜಿದ್ದಳು. ಆದರೆ ಪ್ಲಗಿನ್ ತಯಾರಿಸಿದ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ನಮ್ಮವರ ಹೆಸರಿನ ಪದ್ಧತಿ ನಿಮಗೆ ಗೊತ್ತೇ ಇದೆ. ಮುಂದೆ ಊರಿನದೋ ಅಪ್ಪನದೋ ಒಂದಕ್ಷರ, ಆಮೇಲೆ ಹೆಸರು. ಮನೆತನದ ಹೆಸರು ಎಷ್ಟೋ ಜನಕ್ಕೆ ಇರುವುದೇ ಇಲ್ಲ. ಅವನು ಒಂದು ಅರ್ಜಿಯಲ್ಲಿ ಮಗಳ ಹೆಸರು ಮೊದಲು, ತನ್ನ ಹೆಸರು ಆಮೇಲೆ ಬರೆದಿದ್ದ. ಇನ್ನೊಂದರಲ್ಲಿ ಊರಿನ ರೂಢಿಯಂತೆ ತನ್ನ ಹೆಸರು ಮೊದಲು. ಪ್ಲಗಿನ್ ಅವಳನ್ನು ಇಬ್ಬರು ಹುಡುಗಿಯರು ಎಂದು ತಿಳಿಯಿತು. ಒಬ್ಬಳಿಗೆ ಎರಡು ಸ್ಪರ್ಧೆ, ಇನ್ನೊಬ್ಬಳಿಗೆ ಎರಡು ಸ್ಪರ್ಧೆ. ಇಬ್ಬರಿಗೂ ಅರ್ಹತೆಯಿಲ್ಲ! ಗೊತ್ತಾಗುವಷ್ಟರಲ್ಲಿ ಹೆಸರು ಕಳಿಸುವ ಕೊನೆಯ ದಿನ ದಾಟಿತ್ತು.

‘ನಾನು ಎಲ್ಲದಕ್ಕೂ ಬಂದಿದ್ದೆನಲ್ಲ ಅಪ್ಪ ಎಂದಳು ಸರ್. ಅರ್ಜಿ ತುಂಬಿದವನು ನಾನು, ಪ್ರೋಗ್ರಾಂ ಬರೆದವನೂ ನಾನು. ಯಾರನ್ನು ಬಯ್ಯಲಿ?’ ಎಂದ. ಅಂದು ಅವಳು ದಡದಲ್ಲಿ ಕುಳಿತು ಗೆಳತಿಯರಿಗೆ ಚಪ್ಪಾಳೆ ತಟ್ಟಿದಳಂತೆ.

ಆಮೇಲೆ ಅವನು ಪ್ಲಗಿನ್ನಿನ ಬುಡವನ್ನೇ ಬದಲಿಸಿದ. ಪ್ರತಿ ಮಗುವಿಗೂ ಒಂದು ಸಂಖ್ಯೆ. ನಮ್ಮ ಶಾಲೆಯ ದಾಖಲಾತಿ ಸಂಖ್ಯೆಯಂತೆ ಒಮ್ಮೆ ಕೊಟ್ಟದ್ದು ಬದಲಾಗುವುದಿಲ್ಲ, ಇನ್ನೊಬ್ಬರಿಗೆ ಹೋಗುವುದಿಲ್ಲ. ಹೆಸರು ಓದುವುದಕ್ಕೆ ಮಾತ್ರ, ಗುರುತಿಸುವುದಕ್ಕಲ್ಲ. ಒಂದೇ ಜನ್ಮದಿನದ ಇಬ್ಬರು ಕಂಡರೆ ಪ್ರೋಗ್ರಾಂ ತಾನೇ ಅವರನ್ನು ಒಂದು ಮಾಡದೆ ತರಬೇತುದಾರರನ್ನು ಕೇಳುತ್ತದೆ. ಅವರು ಅವಳಿಗಳೂ ಆಗಿರಬಹುದಲ್ಲ!

ಜನ್ಮದಿನವೆಂದಾಗ ಇನ್ನೊಂದು ವಿಷಯ. ವಯೋಗುಂಪನ್ನು ತಿಳಿಯಲು ವಯಸ್ಸನ್ನು ಬರೆದಿಟ್ಟರೆ ಮುಂದಿನ ವರ್ಷಕ್ಕೆ ಅದು ಸುಳ್ಳಾಗುತ್ತದೆ. ಆದ್ದರಿಂದ ಹುಟ್ಟಿದ ದಿನವನ್ನೇ ಇಡಬೇಕು. ಅದರಲ್ಲೂ 3/4 ಎಂದರೆ ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ಇಡುವುದೇನೋ ಸರಿ, ಆದರೆ ಎಲ್ಲರಿಗೂ ತೋರಿಸುವುದೆ? ಅವನ ಮೊದಲ ಪುಟದಲ್ಲಿ ಮಗುವಿನ ಹೆಸರು, ಜನ್ಮದಿನ, ಫೋಟೊ, ಅಭ್ಯಾಸಕ್ಕೆ ಬರುವ ಹೊತ್ತು ನಾಲ್ಕೂ ಒಟ್ಟಿಗೆ ಇದ್ದವು. ‘ಯಾವ ಮಗು ಯಾವ ಹೊತ್ತಿಗೆ ಎಲ್ಲಿ ಸಿಗುತ್ತದೆ ಎಂದು ಲೋಕಕ್ಕೆಲ್ಲ ಡಂಗುರ ಸಾರಿದ್ದೀಯಲ್ಲಯ್ಯ’ ಎಂದು ನಾನು ಗದರಿಸಬೇಕಾಯಿತು. ಈಗ ಆ ವಿವರಗಳು ಗುಪ್ತಪದ ಕೊಟ್ಟು ಒಳಬಂದ ತಂದೆತಾಯಿಗಳಿಗೆ ಮಾತ್ರ, ಅದೂ ತಮ್ಮ ಮಗುವಿನದು ಮಾತ್ರ ಕಾಣುತ್ತವೆ. 13 ವರ್ಷದೊಳಗಿನ ಮಕ್ಕಳ ಮಾಹಿತಿಯ ರಕ್ಷಣೆಗೆ ಅಮೆರಿಕದಲ್ಲಿ 1998ರಲ್ಲೇ ಕಾನೂನು ಆಯಿತು. ನಮ್ಮಲ್ಲಿ 2023ರಲ್ಲಿ ಆದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆ 18 ತುಂಬದವರನ್ನೆಲ್ಲ ಮಕ್ಕಳೆಂದು ಕರೆದು, ಅವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕೆನ್ನುತ್ತದೆ. ಕಾನೂನಿರಲಿ, ಶಾಲೆಯ ಗುಂಪುಗಳಿಗೆ ಮಕ್ಕಳ ವಿವರ ಕಳಿಸುವಾಗ ನಾವೂ ಒಂದು ಗಳಿಗೆ ಯೋಚಿಸಬೇಡವೆ?

ತಂದೆತಾಯಿಗಳಿಗೆ ಹೇಳಬೇಕಾದ ಮಾತು ಇಷ್ಟೆ. ಪಟ್ಟಿಯಲ್ಲಿ ಮಗುವಿನ ಸ್ಥಾನ ಎಷ್ಟನೆಯದು ಎಂದು ನೋಡುವ ಮೊದಲು ಪಟ್ಟಿ ಹೇಗೆ ಆಯಿತು ಎಂದು ಕೇಳಿ. ಸ್ಥಾನ ಪಕ್ಕದ ಲೇನಿನವರನ್ನು ಅವಲಂಬಿಸಿದ್ದು, ಸಮಯ ಮಗುವಿನದೇ. ನನ್ನ ವಿದ್ಯಾರ್ಥಿಯ ಪ್ಲಗಿನ್ ಈಗ ಪ್ರತಿ ಮಗುವಿಗೂ ಅದರ ಹಿಂದಿನ ಸಮಯವನ್ನೇ ಪಕ್ಕದಲ್ಲಿ ತೋರಿಸುತ್ತದೆ. ಈ ವರ್ಷದ ಮೊದಲ ಸ್ಪರ್ಧೆಯಲ್ಲಿ ಅವನ ಮಗಳು ಐದನೆಯವಳಾಗಿ ಬಂದಳು. ತನ್ನ ಹಳೆಯ ಸಮಯಕ್ಕಿಂತ ಒಂದೂವರೆ ಸೆಕೆಂಡು ಬೇಗ ಮುಗಿಸಿದ್ದಳು. ಮನೆಗೆ ಬಂದವಳೇ ಮೊದಲು ನೋಡಿದ್ದು ತನ್ನ ಹೆಸರು ಪಟ್ಟಿಯಲ್ಲಿ ಇದೆಯೇ ಎಂದಂತೆ.

ಮಕ್ಕಳೇ, ಕಂಪ್ಯೂಟರ್ ಇಲ್ಲದೆಯೂ ಇದನ್ನು ಮಾಡಿ ನೋಡಿ. ಐದು ಚೀಟಿಗಳಲ್ಲಿ 59.80, 1:02.30, 1:10.05, 58.95, ಬರಲಿಲ್ಲ ಎಂದು ಬರೆಯಿರಿ. ಮೊದಲು ನಿಘಂಟಿನ ಕ್ರಮದಲ್ಲಿ, ಆಮೇಲೆ ಎಲ್ಲವನ್ನೂ ನೂರನೆಯ ಭಾಗಗಳಾಗಿ ಬದಲಿಸಿ ಜೋಡಿಸಿ. ಎರಡು ಪಟ್ಟಿಗಳನ್ನು ಹೋಲಿಸಿ. ಐದನೆಯ ಚೀಟಿಯನ್ನು ಎಲ್ಲಿಟ್ಟಿರಿ, ಏಕೆ ಎಂಬುದನ್ನು ನಿಮ್ಮ ಗೆಳೆಯರೊಡನೆ ಚರ್ಚಿಸಿ.