ಹೊಟ್ಟೆಗೆ ಹುಲ್ಲಿಲ್ಲ, ಜುಟ್ಟಿಗೆ ಮಲ್ಲಿಗೆ

ಅಟ್ಲಾಂಟಾದ ಉತ್ತರಕ್ಕೆ ಮಿಲ್ಟನ್, ವಾಷಿಂಗ್ಟನ್ ಡಿಸಿ ಪಕ್ಕದ ಲೌಡನ್ ಕೌಂಟಿ, ಶಾರ್ಲಟ್‌ನ ದಕ್ಷಿಣಕ್ಕೆ ವ್ಯಾಕ್ಸ್‌ಹಾ. ಈ ಊರುಗಳಲ್ಲಿ ಮನೆಗಳೂ ಕುದುರೆ ಲಾಯಗಳೂ ಅಕ್ಕಪಕ್ಕದಲ್ಲೇ ಇವೆ. ಮಕ್ಕಳು ಮೊದಲು ವಾರಕ್ಕೊಂದು ಪಾಠ ಅಂತ ಹೋಗ್ತಾರೆ. ಒಂದೆರಡು ವರ್ಷದಲ್ಲಿ ನೀವೇ ಒಂದು ಕುದುರೆಯನ್ನು ಲೀಸ್‌ಗೆ ತಗೊಂಡಿರ್ತೀರಿ. ಡಾಕ್ಟರ್ ಖರ್ಚು ಲೀಸ್ ತಗೊಂಡವರದ್ದು ಅನ್ನೋ ಸಾಲು ಆ ಪತ್ರದಲ್ಲಿ ಸಾಮಾನ್ಯವಾಗಿ ಇರುತ್ತೆ. ಆಮೇಲೊಂದು ದಿನ ಕುದುರೆ ಕಾಳು ತಿನ್ನದೆ ಬಿಡುತ್ತೆ, ಜೀನು ಬಿಗಿಯುವಾಗ ಕಿವಿ ಹಿಂದಕ್ಕೆ ಮಾಡಿ ಕಚ್ಚೋಕೆ ಬರುತ್ತೆ, ಪಕ್ಕೆಲುಬು ಕಾಣಿಸತೊಡಗುತ್ತೆ. ಹೊಟ್ಟೆಯಲ್ಲಿ ಹುಣ್ಣು ಇರಬಹುದು, ಅಲ್ಸರ್, ಅಂತಾರೆ.

ಆಗ ಕನ್ನಡ ಕೂಟದ ಊಟದ ಸಾಲಿನಲ್ಲಿ ಎರಡು ಮಾತು ಕೇಳಿಬರುತ್ತೆ. ಕುದುರೆ ಸಾಕೋರಿಗೆ ದುಡ್ಡಿಗೇನು ಬರ? ದುಡ್ಡಿಲ್ಲದಿದ್ರೆ ಇದೆಲ್ಲ ಯಾಕೆ ಬೇಕಿತ್ತು? ಎರಡೂ ಸುಲಭದ ಮಾತು. ನನ್ನ ತಕರಾರು ಬೇರೆಯೇ. ಜೀನು, ಬೂಟು, ಶೋ ಫೀಸು ಅಂದ್ರೆ ಧಾರಾಳವಾಗಿ ಕಾರ್ಡ್ ಉಜ್ಜುವ ನಾವು, ಕುದುರೆಗೆ ದಿನಕ್ಕೆ ಎಷ್ಟು ಹುಲ್ಲು ಹಾಕ್ತೀರಿ ಅಂತ ಲಾಯದವರನ್ನು ಒಂದು ಸಲವೂ ಕೇಳಲ್ಲ. ಹುಲ್ಲಿನಲ್ಲಿ ಉಳಿದ ದುಡ್ಡು ಆಮೇಲೆ ಹತ್ತು ಪಟ್ಟಾಗಿ ಔಷಧಿಗೆ ಹೋಗುತ್ತೆ.

ಕುದುರೆಯ ಹೊಟ್ಟೆ ದೇಹಕ್ಕೆ ಹೋಲಿಸಿದ್ರೆ ಬಹಳ ಚಿಕ್ಕದು, ಸುಮಾರು 8ರಿಂದ 15 ಲೀಟರ್. ಅದರಲ್ಲಿ ಆಮ್ಲ ಇಡೀ ದಿನ ಸುರೀತಾನೇ ಇರುತ್ತೆ, ತಿಂದರೂ ತಿನ್ನದಿದ್ದರೂ. ಆ ಆಮ್ಲವನ್ನು ತಣಿಸೋದು ಜೊಲ್ಲು. ಆದರೆ ಕುದುರೆಗೆ ಜೊಲ್ಲು ಬರೋದು ಅಗಿಯುವಾಗ ಮಾತ್ರ. ಬಯಲಲ್ಲಿ ಬಿಟ್ಟ ಕುದುರೆ ದಿನದ ಹದಿನಾರು ಗಂಟೆ ಮೇಯೋದು ಹೊಟ್ಟೆಬಾಕತನದಿಂದಲ್ಲ, ಅದರ ಹೊಟ್ಟೆ ಇರೋದೇ ಹಾಗೆ. ಅಂಥ ಪ್ರಾಣಿಯನ್ನು ಕೋಣೆಯಲ್ಲಿ ಕಟ್ಟಿ, ಬೆಳಿಗ್ಗೆ ಒಂದು ಬಕೆಟ್ ಕಾಳು, ಸಂಜೆ ಒಂದು ಬಕೆಟ್ ಕಾಳು, ನಡುವೆ ಒಂದಿಷ್ಟು ಹುಲ್ಲು ಕೊಟ್ಟು, ಬರೀ ಹೊಟ್ಟೆಯಲ್ಲಿ ಓಡಿಸ್ತೀವಿ. ಓಡುವಾಗ ಆಮ್ಲ ಮೇಲಕ್ಕೆ ಚಿಮ್ಮಿ, ಲೋಳೆಯ ರಕ್ಷಣೆಯಿಲ್ಲದ ಮೇಲ್ಭಾಗಕ್ಕೆ ತಾಗುತ್ತೆ. ತರಬೇತಿಯಲ್ಲಿರುವ ರೇಸ್ ಕುದುರೆಗಳಲ್ಲಿ 100ಕ್ಕೆ 80ಕ್ಕೂ ಹೆಚ್ಚು ಕುದುರೆಗಳಿಗೆ ಹುಣ್ಣು ಇರೋದನ್ನು ಸ್ಕೋಪ್ ಹಾಕಿಯೇ ನೋಡಿದ್ದಾರೆ. ಇದಕ್ಕೆ ಹಣೆಬರಹವನ್ನು ದೂರಿ ಏನು ಪ್ರಯೋಜನ?

ಮೈಸೂರಿನ ಟಾಂಗಾವಾಲಾ ಬಡವ. ಅವನ ಕುದುರೆಯ ಬದುಕು ಸುಖದ್ದು ಅಂತ ನಾನು ಹೇಳ್ತಿಲ್ಲ. ಆದರೂ ಅವನ ಗಾಡಿಯಲ್ಲಿ ಒಂದು ಹುಲ್ಲಿನ ಕಂತೆ ಇರುತ್ತೆ. ಸವಾರಿ ಸಿಗದೆ ನಿಂತಾಗ ಕುದುರೆ ಮೆಲ್ಲುತ್ತಾ ಇರುತ್ತೆ.

ಈಗ ದುಡ್ಡಿನ ಮಾತು. ಊರಲ್ಲಿ ಸರ್ಕಾರಿ ಪಶು ಆಸ್ಪತ್ರೆ ಕಂಡು ಬೆಳೆದವರಿಗೆ ಇಲ್ಲಿನ ಬಿಲ್ಲು ತಲೆ ತಿರುಗಿಸುತ್ತೆ. ಹುಣ್ಣು ಖಚಿತವಾಗಬೇಕಾದರೆ ಸುಮಾರು ಮೂರು ಮೀಟರ್ ಉದ್ದದ ಸ್ಕೋಪ್ ಹಾಕಿ ನೋಡಬೇಕು, ಬೇರೆ ದಾರಿ ಇಲ್ಲ. ಎಫ್‌ಡಿಎ 1999ರಲ್ಲಿ ಒಪ್ಪಿದ ಗ್ಯಾಸ್ಟ್ರೋಗಾರ್ಡ್ ಪೇಸ್ಟ್ ದಿನಕ್ಕೊಂದು ಟ್ಯೂಬಿನಂತೆ 28 ದಿನ ಕೊಡಬೇಕು. ಔಷಧಿಯೊಂದಕ್ಕೇ ಸುಮಾರು ಸಾವಿರ ಡಾಲರ್. ಚೀಟಿ ಇಲ್ಲದೆ ಸಿಗುವ ಅಲ್ಸರ್‌ಗಾರ್ಡ್ ಅಗ್ಗ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಒಳಗಿರೋದು ಅದೇ ಒಮೆಪ್ರಜೋಲ್, ಅಷ್ಟೇ ಪ್ರಮಾಣ. ಹುಣ್ಣು ಬಾರದಂತೆ ತಡೆಯೋಕೆ ಅದರ ಕಾಲು ಟ್ಯೂಬ್ ಸಾಕು, ಗುಣಪಡಿಸೋಕೆ ಕಾಲು ಟ್ಯೂಬ್ ಸಾಲದು. ಒಂದೇ ಪೇಸ್ಟಿಗೆ ಎರಡು ಡಬ್ಬಿ ಮಾಡಿ ಮಾರೋದು ಯಾರ ಅನುಕೂಲಕ್ಕೆ ಅಂತ ಬಿಡಿಸಿ ಹೇಳಬೇಕೇ?

ಬೆಲೆಗೆ ಬೆಚ್ಚಿ ಇಂಟರ್ನೆಟ್‌ನಲ್ಲಿ ಅಗ್ಗದ ಪೇಸ್ಟ್ ತರಿಸೋರು ಬಹಳ ಜನ. ಒಮೆಪ್ರಜೋಲ್ ಆಮ್ಲಕ್ಕೆ ಸಿಕ್ಕರೆ ಹಾಳಾಗುವ ಔಷಧಿ, ಸರಿಯಾಗಿ ತಯಾರಿಸದಿದ್ದರೆ ಹೊಟ್ಟೆಯಲ್ಲೇ ಸತ್ತುಹೋಗುತ್ತೆ. ಒಪ್ಪಿಗೆಯಿಲ್ಲದೆ ಇದನ್ನು ಮಾರುವ ಕಂಪನಿಗಳಿಗೆ ಎಫ್‌ಡಿಎ ಎಚ್ಚರಿಕೆ ಪತ್ರ ಕಳಿಸಿದೆ. ಇನ್ನು ಕೇರ್‌ಕ್ರೆಡಿಟ್ ಥರದ ಕಾರ್ಡು: ಬಡ್ಡಿಯಿಲ್ಲ ಅಂದ ಗಡುವಿನೊಳಗೆ ಪೂರ್ತಿ ತೀರಿಸದಿದ್ದರೆ ಮೊದಲ ದಿನದಿಂದಲೇ ಬಡ್ಡಿ ಬೀಳುತ್ತೆ. ಸಣ್ಣ ಅಕ್ಷರ ಓದಿ ಸಹಿ ಹಾಕಿ.

ಹಾಗಾದ್ರೆ ಕೈ ಬಿಗಿ ಇದ್ದವರು ಏನು ಮಾಡಬೇಕು? ಡಾಕ್ಟರ್ ಬಂದ ತಕ್ಷಣ ನಿಮ್ಮ ಹತ್ರ ಎಷ್ಟಿದೆ ಅಂತ ಅಂಕಿ ಸಮೇತ ಹೇಳಿ. ನಮ್ಮವರಿಗೆ ಇದು ಮರ್ಯಾದೆ ಪ್ರಶ್ನೆ, ಡಾಕ್ಟರಿಗಲ್ಲ. ಸ್ಕೋಪ್ ಇಲ್ಲದೆ ಕೆಲವು ವಾರ ಔಷಧಿ ಕೊಟ್ಟು ನೋಡೋಣ್ವಾ ಅಂತ ಕೇಳಬಹುದು. ಆದರೆ ಇದರ ಮಿತಿಯೂ ಗೊತ್ತಿರಲಿ. ಹೊಟ್ಟೆಯ ಕೆಳಭಾಗದ ಹುಣ್ಣು ಒಮೆಪ್ರಜೋಲ್ ಒಂದಕ್ಕೇ ಅಷ್ಟು ಸುಲಭವಾಗಿ ಬಗ್ಗಲ್ಲ, ಸುಕ್ರಾಲ್‌ಫೇಟ್ ಸೇರಿಸಬೇಕಾಗಬಹುದು. ಬೆನ್ನು ನೋವು, ಸರಿಹೊಂದದ ಜೀನು ಕೂಡ ಇದೇ ಲಕ್ಷಣ ತೋರಿಸುತ್ತೆ. ಸಾವಿರ ಡಾಲರ್ ಔಷಧಿ ಸುರಿದ ಮೇಲೆ ಅದು ಜೀನಿನ ತಪ್ಪು ಅಂತ ಗೊತ್ತಾಗುವ ಬದಲು, ಸ್ಕೋಪೇ ಅಗ್ಗವಾದೀತು. ಲೀಸ್‌ಬರ್ಗ್‌ನಲ್ಲಿ ವರ್ಜೀನಿಯಾ ಟೆಕ್‌ನ ಕುದುರೆ ಆಸ್ಪತ್ರೆ ಇದೆ. ರಾಲಿಯಲ್ಲಿ ನಾರ್ತ್ ಕ್ಯಾರೊಲೈನಾ ಸ್ಟೇಟ್, ಅಥೆನ್ಸ್‌ನಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯ ಇವೆ. ಟ್ರೇಲರ್‌ನಲ್ಲಿ ನೀವೇ ಕರ್ಕೊಂಡು ಹೋದ್ರೆ ಎಷ್ಟಾಗುತ್ತೆ, ಡಾಕ್ಟರ್ ಲಾಯಕ್ಕೇ ಬಂದ್ರೆ ಎಷ್ಟು, ಎರಡನ್ನೂ ಫೋನಲ್ಲಿ ಕೇಳಿ. ಡಾಕ್ಟರೇ ಬರೋದಾದ್ರೆ, ಒಂದೇ ಲಾಯದ ನಾಲ್ಕು ಮನೆಯವರು ಒಂದೇ ದಿನ ಕರೆಸಿ ಭೇಟಿಯ ಫೀಸು ಹಂಚಿಕೊಳ್ಳಬಹುದು.

ಔಷಧಿ ನಡೀತಿರುವಾಗಲೇ ಹುಲ್ಲು ಬದಲಾಗಬೇಕು. ಇಲ್ಲದಿದ್ರೆ ಪೇಸ್ಟ್ ನಿಲ್ಲಿಸಿದ ಮೇಲೆ ಹುಣ್ಣು ಮತ್ತೆ ಬರುತ್ತೆ, ಮತ್ತೊಂದು ಸಾವಿರ. 500 ಕಿಲೋ ತೂಕದ ಕುದುರೆಗೆ ದಿನಕ್ಕೆ ಏಳೂವರೆಯಿಂದ ಹತ್ತು ಕಿಲೋ ಒಣಹುಲ್ಲು ಬೇಕು. ಎರಡು ಹುಲ್ಲಿನ ನಡುವೆ ಆರು ಗಂಟೆ ಮೀರಬಾರದು. ಬೇಗ ಖಾಲಿ ಮಾಡುತ್ತೆ ಅಂದ್ರೆ ಸಣ್ಣ ಕಣ್ಣಿನ ಬಲೆಯಲ್ಲಿ ತುಂಬಿ ಕಟ್ಟಿ. ಸವಾರಿಗೆ ಮುಂಚೆ ಒಂದಿಷ್ಟು ಅಲ್ಫಾಲ್ಫಾ ಹಾಕಿ, ನಮ್ಮ ಕಡೆ ಕುದುರೆ ಮೆಂತೆ ಅಂತೀವಲ್ಲ, ಅದೇ. ಅದರ ಕ್ಯಾಲ್ಸಿಯಂ ಆಮ್ಲವನ್ನು ತಣಿಸುತ್ತೆ. ಇದಕ್ಕೆಲ್ಲ ಲಾಯದವರು ತಿಂಗಳಿಗೆ ಹೆಚ್ಚು ಕೇಳಿದ್ರೆ ಕೊಡಿ, ಒಂದು ಶೋ ಬಿಟ್ಟರಾಯ್ತು. ಮಗಳು ಮುನಿಸಿಕೊಳ್ತಾಳೆ, ನಿಜ. ರಿಬ್ಬನ್ ಯಾಕೆ ಬರಲಿಲ್ಲ ಅನ್ನೋದನ್ನು ಕುದುರೆಯ ಪಕ್ಕ ನಿಲ್ಲಿಸಿಯೇ ಅವಳಿಗೆ ವಿವರಿಸಿ.

ಲೀಸ್ ಪತ್ರಕ್ಕೆ ಇನ್ನೂ ಸಹಿ ಹಾಕಿಲ್ವಾ? ಹಾಗಾದ್ರೆ ಒಂದು ರಾತ್ರಿ ಒಂಬತ್ತು ಗಂಟೆಗೆ ಲಾಯಕ್ಕೆ ಹೋಗಿ, ಸಂಜೆ ಐದಕ್ಕೆ ಹಾಕಿದ ಹುಲ್ಲು ಎಷ್ಟು ಉಳಿದಿದೆ ನೋಡಿ. ಖಾಲಿ ಇದ್ರೆ, ಮುಂದಿನದು ಯಾವಾಗ ಅಂತ ಕೇಳಿ. ಬೆಳಿಗ್ಗೆ ಏಳಕ್ಕೆ ಅಂದ್ರೆ ಬೇರೆ ಲಾಯ ಹುಡುಕಿ. ಮತ್ತೆ, ಕುದುರೆ ಮಲಗಿ ಹೊರಳಾಡ್ತಾ ಹೊಟ್ಟೆ ಕಡೆ ತಿರುಗಿ ನೋಡ್ತಿದ್ರೆ ಈ ಲೆಕ್ಕಾಚಾರ ಒಂದೂ ಬೇಡ, ಅದು ಕಾಲಿಕ್ ಇರಬಹುದು, ಆ ಕ್ಷಣವೇ ಡಾಕ್ಟರಿಗೆ ಫೋನ್ ಮಾಡಿ.