ರೆಸಾರ್ಟ್ ಬೇಡ, ಒಂದು ಹಂಡೆ ಬಿಸಿನೀರು ಕೊಡಿ ಸಾಕು

2025ರ ಜನವರಿಯಲ್ಲಿ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿತ್ತಲ್ಲ, ಅವತ್ತು ಸುದ್ದಿ ಕಳಿಸಿ ಟೀ ಅಂಗಡಿ ಮುಂದೆ ನಿಂತಿದ್ದೆ. ಧಾರವಾಡ ಕಡೆಯ ನಿವೃತ್ತ ಮೇಷ್ಟ್ರು ಒಬ್ಬರು, ಜೊತೆಗೆ ಅವರ ಹೆಂಡತಿ. ಡ್ಯಾಂ ನೋಡಿ ಆಗಿತ್ತು. ನಾಳೆ ಹೊಸದುರ್ಗದ ಕಡೆ ಹಾಲುರಾಮೇಶ್ವರ, ನಾಡಿದ್ದು ದುರ್ಗದ ಕೋಟೆ ನೋಡೋ ಪ್ಲಾನು. "ಇಲ್ಲಿ ರಾತ್ರಿ ಉಳಿಯೋಕೆ ಎಲ್ಲಾದರೂ ಜಾಗ ಇದೆಯಾ?" ಅಂದರು. ಎಂಟು ವರ್ಷದಿಂದ ಇದೇ ನಾಲ್ಕು ತಾಲ್ಲೂಕು ಸುತ್ತಿ ಸುದ್ದಿ ಬರೆಯುವ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ಕೊನೆಗೆ ಹೆದ್ದಾರಿ ಪಕ್ಕದ ಒಂದು ಲಾಡ್ಜ್ ತೋರಿಸಿದೆ. ಬೆಳಿಗ್ಗೆ ಅವರೇ ಫೋನ್ ಮಾಡಿದರು. ಬೆಡ್‌ಶೀಟ್ ಬದಲಿಸಿರಲಿಲ್ಲ, ಬಿಸಿನೀರು ಆರರಿಂದ ಏಳರವರೆಗೆ ಮಾತ್ರ, ಅದೂ ನಲ್ಲಿಯಲ್ಲಿ ಬಂದಾಗ ಉಗುರುಬೆಚ್ಚಗೆ. ಮೇಷ್ಟ್ರು ಸಿಟ್ಟಾಗಲಿಲ್ಲ. "ಕೋಟೆ ಇನ್ನೊಮ್ಮೆ ನೋಡ್ತೀವಿ ಬಿಡಿ" ಅಂತ ಹೇಳಿ ಊರಿಗೆ ಹೊರಟರು. ಎರಡು ದಿನ ನಮ್ಮ ಜಿಲ್ಲೆಯಲ್ಲಿ ಖರ್ಚಾಗಬೇಕಿದ್ದ ದುಡ್ಡು ಬಸ್ ಹತ್ತಿ ವಾಪಸ್ ಹೋಯಿತು.

ಈಗ ನನ್ನ ತಕರಾರು. ಡ್ಯಾಂ ತುಂಬಿದಾಗಲೆಲ್ಲ ನಮ್ಮಲ್ಲಿ ಒಂದೇ ಮಾತು: ಇಲ್ಲೊಂದು ರೆಸಾರ್ಟ್ ಆಗಬೇಕು, ಸ್ಟಾರ್ ಹೋಟೆಲ್ ಬರಬೇಕು, ಬೋಟಿಂಗ್ ಬರಬೇಕು. 2022ರ ಸೆಪ್ಟೆಂಬರ್‌ನಲ್ಲಿ 89 ವರ್ಷದ ಮೇಲೆ, ಅಂದರೆ 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗಲೂ ಇದೇ ಮಾತು. ಜನ ಜಾತ್ರೆಯ ಹಾಗೆ ಬಂದರು, ಸೆಲ್ಫಿ ತೆಗೆದರು, ಚುರುಮುರಿ ತಿಂದರು, ಪ್ಲಾಸ್ಟಿಕ್ ಬಿಟ್ಟು ಕತ್ತಲಾಗುವ ಮೊದಲೇ ಹೊರಟರು. (ಕೋಡಿ ಬಿದ್ದರೆ ಹಿರಿಯೂರಿಗೆ ಹಬ್ಬ. ಹಿನ್ನೀರಿನ ಹೊಸದುರ್ಗದ ಕಡೆಯ ರೈತನಿಗೆ ಜಮೀನು ಮುಳುಗುವ ಚಿಂತೆ. ಅದರ ಬಗ್ಗೆ ಬೇರೆಯೇ ಬರೆಯಬೇಕು.) ರೆಸಾರ್ಟ್ ಬಂದರೆ ಏನಾಗುತ್ತೆ ಅಂತ ನಾವು ಬೇರೆ ಕಡೆ ನೋಡಿದ್ದೇವೆ. ಜಾಗ ನಮ್ಮದು, ನೀರು ನಮ್ಮದು, ಗೇಟು ಅವರದು. ನಮ್ಮ ಹುಡುಗನಿಗೆ ಸಿಗೋದು ಆ ಗೇಟಿನ ವಾಚ್‌ಮನ್ ಕೆಲಸ.

ಜಪಾನಿನ ಉದಾಹರಣೆ ಹೇಳ್ತೀನಿ, ನಗಬೇಡಿ. ನಾನು ಅಲ್ಲಿಗೆ ಹೋದವನಲ್ಲ, ಓದಿ ತಿಳಿದವನು. ಅಲ್ಲಿ ನೆಲದಿಂದ ಬಿಸಿನೀರು ಉಕ್ಕುವ ಊರುಗಳಿವೆ. ಆ ಬುಗ್ಗೆಗೆ ಒನ್ಸೆನ್ ಅಂತಾರೆ. ನಮ್ಮ ರಾಜ್ಯದಲ್ಲೂ ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ ಬೆಂದ್ರ್‌ತೀರ್ಥ ಇದೆ. ಹೆಸರಲ್ಲೇ ಬಿಸಿನೀರಿದೆ. ಅದನ್ನು ನೋಡಿದವರು ನಿಮ್ಮಲ್ಲಿ ಎಷ್ಟು ಜನ? ಜಪಾನಿನಲ್ಲಿ ಇಂಥ ಬುಗ್ಗೆಗಳಿಗಾಗಿಯೇ 1948ರಲ್ಲಿ ಕಾನೂನು ಬಂತು. ಬುಗ್ಗೆಯ ಸುತ್ತ ರ್ಯೊಕಾನ್ ಅನ್ನೋ ಹಳೇ ಪದ್ಧತಿಯ ವಸತಿಗೃಹಗಳು, ಮಿನ್‌ಶುಕು ಅನ್ನೋ ಮನೆಮಂದಿಯೇ ನಡೆಸುವ ಚಿಕ್ಕ ವಸತಿಗಳು. ಚಾಪೆ ಮೇಲೆ ಹಾಸಿಗೆ. ರಾತ್ರಿ ಊಟ, ಬೆಳಗಿನ ಊಟ ಬಾಡಿಗೆಯಲ್ಲೇ ಸೇರಿರುತ್ತೆ, ಅದೂ ಆ ಊರಲ್ಲಿ ಬೆಳೆದದ್ದು. ಮೊದಲು ಹೊರಗೆ ಕೂತು ಮೈ ಉಜ್ಜಿ ತೊಳೆದುಕೊಂಡು ಆಮೇಲೆ ಎಲ್ಲರೂ ಒಂದೇ ಕೊಳಕ್ಕೆ ಇಳಿಯಬೇಕು. ಇಷ್ಟಕ್ಕಾಗಿ ಜನ ಟೋಕಿಯೋದಿಂದ ರೈಲು ಹತ್ತಿ ಹಳ್ಳಿಗೆ ಹೋಗ್ತಾರೆ.

ಅದರಲ್ಲಿ ಕುರೊಕಾವಾ ಅನ್ನೋ ಊರಿನ ಕಥೆ ನಮಗೆ ಬೇಕು. ದಕ್ಷಿಣದ ಕುಮಾಮೊತೊ ಪ್ರಾಂತದ ಬೆಟ್ಟದ ಸಂದಿಯಲ್ಲಿರುವ ಊರು, ಒಂದು ಹೊಳೆ, ಅದರ ಆಚೀಚೆ ಮೂವತ್ತರಷ್ಟು ವಸತಿಗೃಹಗಳು. 1960ರ ದಶಕದಲ್ಲಿ ಹತ್ತಿರ ಹೊಸ ರಸ್ತೆ ಆದಾಗ ಸ್ವಲ್ಪ ದಿನ ಜನ ಬಂದರು, ಆಮೇಲೆ ಖಾಲಿ. ನಮ್ಮ ಕೋಡಿಯ ಜಾತ್ರೆ ಹಾಗೇ. ಆಗ ಗೊಟೊ ತೆತ್ಸುಯ ಅನ್ನುವವರು ಉಳಿ ಸುತ್ತಿಗೆ ಹಿಡಿದು ತಮ್ಮ ವಸತಿಗೃಹದ ಹಿಂದಿನ ಬಂಡೆ ಕೊರೆದು ಗುಹೆಯೊಳಗೆ ಸ್ನಾನದ ಕೊಳ ಮಾಡಿದರು. ಅವರನ್ನು ನೋಡಿ ಉಳಿದವರೂ ಬಯಲು ಕೊಳಗಳನ್ನು ಕಟ್ಟಿಕೊಂಡರು. ಎರಡು ಮನೆಯವರಿಗೆ ಮಾತ್ರ ಕೊಳ ಕಟ್ಟೋಕೆ ಜಾಗವೇ ಇರಲಿಲ್ಲ.

ನಮ್ಮಲ್ಲಾದರೆ? "ಅವನ ಹಣೆಬರಹ" ಅಂತ ಬಿಡ್ತಿದ್ವಿ, ಒಳಗೊಳಗೇ ಖುಷಿ ಬೇರೆ. ಅವರು 1986ರಲ್ಲಿ ಮರದ ಒಂದು ಬಿಲ್ಲೆ ಮಾಡಿದರು. ಅದನ್ನು ಕೊಂಡ ಅತಿಥಿ ಎಲ್ಲೇ ಉಳಿದಿರಲಿ, ಊರಿನ ಯಾವುದೇ ಮೂರು ಮನೆಯ ಕೊಳದಲ್ಲಿ ಸ್ನಾನ ಮಾಡಬಹುದು. ಜಾಗ ಇಲ್ಲದ ಆ ಎರಡು ಮನೆಗೂ ಅತಿಥಿ ಸಿಕ್ಕ. ಒಬ್ಬರ ಮೇಲೊಬ್ಬರು ಹಾಕಿಕೊಂಡಿದ್ದ ಬೋರ್ಡುಗಳನ್ನು ಕಿತ್ತರು, ಮರ ನೆಟ್ಟರು. ಊರೆಲ್ಲ ಸೇರಿ ಒಂದೇ ವಸತಿಗೃಹ, ರಸ್ತೆಗಳೇ ಅದರ ಓಣಿ ಅನ್ನೋ ಲೆಕ್ಕ.

ಇನ್ನೊಂದು ವಿಷಯ, ಪಂಚಾಯ್ತಿ ಮೆಂಬರುಗಳು ಇದನ್ನು ಓದಲಿ. ಅಲ್ಲಿ ಬುಗ್ಗೆಯಲ್ಲಿ ಮೀಯುವ ಪ್ರತಿಯೊಬ್ಬನಿಂದ ಸ್ನಾನದ ತೆರಿಗೆ ವಸೂಲಾಗುತ್ತೆ. ಸಾಮಾನ್ಯವಾಗಿ ದಿನಕ್ಕೆ 150 ಯೆನ್, ನಮ್ಮ ಲೆಕ್ಕದಲ್ಲಿ ನೂರು ರೂಪಾಯಿಗೂ ಕಡಿಮೆ. ಅದು ಹೋಗೋದು ಆ ಊರಿನ ಸ್ಥಳೀಯ ಆಡಳಿತಕ್ಕೆ. ಬುಗ್ಗೆ ಕಾಪಾಡೋದು, ಸ್ವಚ್ಛತೆ, ಬೆಂಕಿ ನಂದಿಸುವ ವ್ಯವಸ್ಥೆ, ಪ್ರವಾಸೋದ್ಯಮ, ಇಂಥವಕ್ಕೇ ಖರ್ಚು ಮಾಡಬೇಕು. ನಮ್ಮಲ್ಲಿ ಲಾಡ್ಜ್ ರೂಮಿನ ಜಿಎಸ್‌ಟಿ ರಾಜ್ಯಕ್ಕೂ ಕೇಂದ್ರಕ್ಕೂ ಹೋಗುತ್ತೆ. ಪ್ರವಾಸಿ ಬಿಟ್ಟುಹೋದ ಕಸ ಪಂಚಾಯ್ತಿಗೆ.

ನಮ್ಮಲ್ಲಿ ಏನಿಲ್ಲ ಹೇಳಿ? 1898ರಿಂದ 1907ರವರೆಗೆ ಕಟ್ಟಿದ, 30 ಟಿಎಂಸಿ ನೀರು ಹಿಡಿಯುವ ಮಾರಿಕಣಿವೆ ಇದೆ. ಏಳು ಸುತ್ತಿನ ಕೋಟೆ, ಚಂದ್ರವಳ್ಳಿಯ ಮಯೂರಶರ್ಮನ ಶಾಸನ, ಗಾಳಿ ಬೀಸುವ ಜೋಗಿಮಟ್ಟಿ ಇದೆ. ಹೊಳಲ್ಕೆರೆಯಲ್ಲಿ ಬಯಲು ಗಣಪತಿ, ಅಡಿಕೆ ತೋಟದ ತಂಪು. ಹಾಲುರಾಮೇಶ್ವರದಲ್ಲಂತೂ ನೆಲದಿಂದ ಗಂಗೆ ಉಕ್ಕುತ್ತಾಳೆ, ಅದು ತಣ್ಣೀರು ಅನ್ನೋದೊಂದೇ ವ್ಯತ್ಯಾಸ. ಅತಿಥಿಯನ್ನು ಉಳಿಸಿಕೊಳ್ಳೋದು ನಮಗೆ ಗೊತ್ತಿಲ್ಲ ಅಂತಲೂ ಅಲ್ಲ. ಸಾಣೇಹಳ್ಳಿಯಲ್ಲಿ ನವೆಂಬರ್‌ನ ನಾಟಕೋತ್ಸವಕ್ಕೆ ಹೋಗಿ ನೋಡಿ. ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಗೆ ನಾಡಿನ ಎಲ್ಲೆಲ್ಲಿಂದಲೋ ಬಂದವರು ಉಂಡು, ನಾಟಕ ನೋಡಿ, ಮಲಗಿ ಎದ್ದು ಹೋಗ್ತಾರೆ. ಹೊಸದುರ್ಗದ ಸಾವೆ ಅಕ್ಕಿ, ನವಣೆಯನ್ನು ಬೆಂಗಳೂರಿನವರು ಪ್ಯಾಕೆಟ್‌ನಲ್ಲಿ ದುಬಾರಿ ಕೊಟ್ಟು ತಿಂತಾರೆ. ಅದನ್ನು ಬೆಳೆದವರ ಮನೆಯಲ್ಲೇ ಕೂತು ಉಣ್ಣೋಕೆ ಅವರಿಗೆ ದಾರಿ ಇಲ್ಲ.

ಸರ್ಕಾರಿ ಕಟ್ಟಡಗಳ ಕಥೆ ಬೇಗ ಮುಗಿಸ್ತೀನಿ. ಪ್ರವಾಸಿ ಮಂದಿರ ಅಂತ ಬೋರ್ಡ್ ಇರುತ್ತೆ, ಪ್ರವಾಸಿಗೆ ಮಾತ್ರ ಬೀಗ. ಯಾವ ತಾಲ್ಲೂಕು ಅಂತ ಬರೆಯೋಲ್ಲ, ಒಂದು ಕಡೆ ನಾನೇ ಹೋಗಿ ಕೇಳಿದ್ದೆ. "ಸಾಹೇಬ್ರು ಬರಬಹುದು" ಅಂದರು. ಸಾಹೇಬ್ರು ಬಂದರಾ? ಇಲ್ಲ, ರಾತ್ರಿಯಿಡೀ ರೂಮು ಖಾಲಿ. ನಮ್ಮ ತೆರಿಗೆಯಲ್ಲಿ ಕಟ್ಟಿದ ರೂಮು ಖಾಲಿ ಇದ್ದ ದಿನ ನಿಗದಿ ಬಾಡಿಗೆಗೆ ಯಾರಿಗಾದರೂ ಕೊಡಲಿ, ಎಷ್ಟು ದಿನ ಖಾಲಿ ಇತ್ತು ಅಂತ ಗೋಡೆ ಮೇಲೆ ಬರೆಯಲಿ. ಇದಕ್ಕೆ ಹೊಸ ಬಜೆಟ್ ಬೇಕಾ?

ಆದರೆ ಪೂರ್ತಿ ತಪ್ಪು ಸರ್ಕಾರದ ಮೇಲೆ ಹಾಕಿ ಈ ಲೇಖನ ಮುಗಿಸಿದರೆ ನಾನು ಸುಳ್ಳುಗಾರ. ನಮ್ಮ ಹಳ್ಳಿಗಳಲ್ಲಿ ಖಾಲಿ ಕೋಣೆಗಳಿವೆ. ಮಕ್ಕಳು ಬೆಂಗಳೂರು ಸೇರಿದ ಮೇಲೆ ಅಟ್ಟದ ಮನೆ, ಮುಂದಿನ ಪಡಸಾಲೆ ಬೀಗ ಹಾಕಿ ಬಿದ್ದಿವೆ. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಯೋಜನೆಯಲ್ಲಿ ಒಂದರಿಂದ ಆರು ಕೋಣೆಯವರೆಗೆ ಹೋಂಸ್ಟೇ ನೋಂದಾಯಿಸಬಹುದು, ಮನೆಯವರು ಅಲ್ಲೇ ವಾಸ ಇರಬೇಕು ಅಷ್ಟೇ. ಕೊಡಗು, ಚಿಕ್ಕಮಗಳೂರಿನವರು ಯಾವತ್ತೋ ಶುರು ಮಾಡಿದರು. ನಾವ್ಯಾಕೆ ಮಾಡಲಿಲ್ಲ? ಶೌಚಾಲಯ ಒಂದು ಕಾರಣ. ಸರ್ಕಾರದ ದುಡ್ಡಲ್ಲಿ ಕಟ್ಟಿಸಿಕೊಂಡ ಶೌಚಾಲಯಕ್ಕೆ ಸೌದೆ ತುಂಬಿದ್ದನ್ನು ನಾನೇ ಎಷ್ಟೋ ಕಡೆ ಕಂಡಿದ್ದೇನೆ. ಅದನ್ನು ಸರಿ ಮಾಡಬಹುದು. ಇನ್ನೊಂದು ಕಾರಣ ನಮ್ಮ ಬಾಯಲ್ಲಿದೆ: "ನೀವು ಯಾವ ಪೈಕಿ?"

ಈ ಪ್ರಶ್ನೆ ಕೇಳದೆ ನಮ್ಮಲ್ಲಿ ಚೊಂಬು ನೀರು ಹೊರಗೆ ಬರೋದಿಲ್ಲ. ಅತಿಥಿ ಹೆಸರು ಹೇಳಿದರೆ ಸಾಲದು, ಊರು ಹೇಳಿದರೆ ಸಾಲದು, ಕೊನೆಗೆ ಅಡ್ಡಹೆಸರು ಕೇಳಿ ಅಂದಾಜು ಮಾಡ್ತೀವಿ. ಬಚ್ಚಲಮನೆಗೆ, ಹಂಡೆಗೆ ಯಾರು ಕೈ ಹಾಕಬಹುದು ಅನ್ನೋದು ತೀರ್ಮಾನ ಆಗೋದು ಅಲ್ಲೇ. ಹಟ್ಟಿಯ ಹುಡುಗನೊಬ್ಬ ನೌಕರಿ ಮೇಲೆ ಬೇರೆ ತಾಲ್ಲೂಕಿಗೆ ಬಂದು ಬಾಡಿಗೆ ಮನೆಗೆ ಅಲೆದದ್ದು ನಿಮಗೂ ಗೊತ್ತು, ನನಗೂ ಗೊತ್ತು. ಸಂವಿಧಾನದ 15ನೇ ವಿಧಿ ಹೋಟೆಲಿನ ಹೆಸರು ಹೇಳುತ್ತೆ, ಬಾವಿ, ಕೆರೆ, ಸ್ನಾನಘಟ್ಟದ ಹೆಸರನ್ನೂ ಹೇಳುತ್ತೆ. ಅದನ್ನು ಬರೆದವರಿಗೆ ನಮ್ಮ ಬಚ್ಚಲಮನೆ ಚೆನ್ನಾಗಿ ಗೊತ್ತಿತ್ತು.

ಜಪಾನಿನವರು ದೇವರಲ್ಲ. ನಾನು ಹೊಗಳಿದ ಅದೇ ಕುರೊಕಾವಾದಲ್ಲಿ 2003ರಲ್ಲಿ ಒಂದು ಹೋಟೆಲ್, ಕುಷ್ಠರೋಗದಿಂದ ಗುಣವಾಗಿ ಆಶ್ರಯಧಾಮದಲ್ಲಿದ್ದ ಹಿರಿಯರಿಗೆ ರೂಮು ಕೊಡೋದಿಲ್ಲ ಅಂದಿತು. ಬೇರೆ ಅತಿಥಿಗಳಿಗೆ ಮುಜುಗರ ಆಗುತ್ತೆ ಅನ್ನೋ ನೆಪ. ಒಂದೇ ಕೊಳದ ಸ್ನಾನದ ದೇಶದಲ್ಲೂ "ಇವರು ಬೇಡ" ಅನ್ನೋ ಮಾತಿದೆ. ಆದರೆ ಮುಂದೇನಾಯಿತು ನೋಡಿ. ಪ್ರಾಂತದ ಸರ್ಕಾರವೇ ವಿಷಯ ಬಯಲಿಗೆ ತಂದಿತು. ಕಾರಣವಿಲ್ಲದೆ ಅತಿಥಿಯನ್ನು ನಿರಾಕರಿಸಬಾರದು ಅಂತ ಅಲ್ಲಿನ ವಸತಿಗೃಹ ಕಾನೂನಿನಲ್ಲೇ ಇದೆ, ಅದರಂತೆ ಕ್ರಮ ಆಯಿತು. ಮರುವರ್ಷ ಆ ಹೋಟೆಲೇ ಮುಚ್ಚಿತು. ನಮ್ಮಲ್ಲಿ ಇಂಥ ಕಾರಣಕ್ಕೆ ಮುಚ್ಚಿದ ಒಂದು ಲಾಡ್ಜ್, ಒಂದು ಹೋಟೆಲ್ ನನ್ನ ಡೈರಿಯಲ್ಲಿ ಇಲ್ಲ. ಕಾನೂನು ನಮ್ಮಲ್ಲೂ 1955ರಿಂದ ಇದೆ.

ಹಾಗಾಗಿ ಹೋಂಸ್ಟೇ ಶುರು ಮಾಡ್ತೀನಿ ಅನ್ನೋರಿಗೆ ನನ್ನದು ಮೊದಲ ಷರತ್ತು: ಆಧಾರ್ ನೋಡಿ, ಫೋನ್ ನಂಬರ್ ಬರೆದುಕೊಳ್ಳಿ, ಪೈಕಿ ಕೇಳಬೇಡಿ. ಕೇಳಲೇಬೇಕು ಅನ್ನಿಸಿದರೆ ಹೋಂಸ್ಟೇ ಮಾಡಬೇಡಿ, ಕೋಣೆಗೆ ಈರುಳ್ಳಿ ತುಂಬಿ.

ಗೀಸರ್, ಎಸಿ, ಟೈಲ್ಸ್‌ಗೆ ಸಾಲ ಮಾಡೋ ಅಗತ್ಯ ಇಲ್ಲ. ಒಲೆ ಮೇಲಿನ ತಾಮ್ರದ ಹಂಡೆ, ಒಗೆದ ದುಪ್ಪಟಿ, ಒಳಗಿಂದ ಚಿಲಕ ಬೀಳುವ ಬಾಗಿಲು, ಬೆಳಕಿರುವ ಶೌಚಾಲಯ, ಬಿಸಿ ಮುದ್ದೆ, ಹುರುಳಿ ಸಾರು. ನೀರು ತುಂಬುವ ಹಬ್ಬದ ದಿನ ನಾವು ಮನೆಮಕ್ಕಳಿಗೆ ಎರೆಯುವ ನೀರು ಹೊರಗಿನವರಿಗೆ ದುಡ್ಡು ಕೊಟ್ಟರೂ ಸಿಗದ ನೀರು. ಒಬ್ಬರೇ ಮಾಡಿದರೆ ನಡೆಯೋಲ್ಲ. ಒಂದು ಊರಲ್ಲಿ ನಾಲ್ಕು ಮನೆ ಸೇರಲಿ. ಒಬ್ಬರಲ್ಲಿ ಮಲಗೋದು, ಇನ್ನೊಬ್ಬರಲ್ಲಿ ಊಟ, ಮೂರನೆಯವರ ಹುಡುಗ ಬೈಕಲ್ಲಿ ಡ್ಯಾಂ ತೋರಿಸೋದು. ಕುರೊಕಾವಾದ ಮರದ ಬಿಲ್ಲೆ ಮಾಡಿದ್ದು ಇದನ್ನೇ. ಸ್ತ್ರೀಶಕ್ತಿ ಸಂಘಗಳಿಗೆ ಲೆಕ್ಕ ಬರೆಯೋದು ಚೆನ್ನಾಗಿ ಗೊತ್ತಿದೆ, ಈ ಲೆಕ್ಕವನ್ನೂ ಅವರಿಗೇ ಬಿಡಿ, ಗಂಡಸರ ಕೈಗೆ ಬೇಡ.

ಹೋದ ತಿಂಗಳು ಹಿನ್ನೀರಿನ ಕಡೆಯ ಒಂದು ಊರಲ್ಲಿ ಇದನ್ನೇ ಹೇಳ್ತಾ ಕೂತಿದ್ದೆ. ಸಂಘದ ಒಬ್ಬ ಅಕ್ಕ ಪೂರ್ತಿ ಕೇಳಿಸಿಕೊಂಡು, "ಬಂದೋರು ಬೆತ್ತಲೆ ಸ್ನಾನ ಮಾಡಬೇಕಾ?" ಅಂತ ಕೇಳಿದರು. ಇಲ್ಲಕ್ಕ, ಅದು ಅವರ ಊರಿನ ಪದ್ಧತಿ ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ಒಂದು ರಾತ್ರಿಗೆ ಎಷ್ಟು ಕೇಳಬಹುದು?" ಅಂದರು. ಮೇಷ್ಟ್ರ ಫೋನ್ ನಂಬರ್ ಇನ್ನೂ ನನ್ನ ಹತ್ತಿರ ಇದೆ. ಆ ಅಕ್ಕನ ಮುಂದಿನ ಕೋಣೆಗೆ ಸುಣ್ಣ ಹೊಡೆದ ಮೇಲೆ ಮಾಡ್ತೀನಿ.