ಕುಜನ ಮನೆ

ಕುಜನ ಹೆಸರು ನಮ್ಮಲ್ಲಿ ಕೇಳಿಬರುವುದು ಹೆಚ್ಚಾಗಿ ಜಾತಕ ಕೂಡಿಸುವ ಹೊತ್ತಿನಲ್ಲಿ. ಅವನು ಎಷ್ಟನೆಯ ಮನೆಯಲ್ಲಿ ಕುಳಿತಿದ್ದಾನೆಂದು ಜೋಯಿಸರು ಬೆರಳೆಣಿಸುತ್ತಾರೆ; ಹೆಣ್ಣಿನ ತಂದೆಯ ಎದೆ ಡವಗುಟ್ಟುತ್ತದೆ. ವಿಜ್ಞಾನಿಗಳ ಚಿಂತೆ ಇದಕ್ಕೆ ತಿರುಗುಮುರುಗು: ಕುಜನಲ್ಲಿಗೆ ನಾವೇ ಹೋಗಿ ಮನೆ ಹೂಡುವುದೆಂತು? ಅದಕ್ಕೆ ಮುನ್ನ ಅಂಥದೇ ಮನೆಯನ್ನು ಭೂಮಿಯ ಮೇಲೆ ಕಟ್ಟಿ, ಬಾಗಿಲು ಮುಚ್ಚಿಕೊಂಡು ಬಾಳಿ ನೋಡುವ ಪರಿಪಾಠವೊಂದು ಬೆಳೆದಿದೆ.

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯ ಮೊದಲರ್ಧವನ್ನು ಅಮೆರಿಕದ ಎಂಜಿನಿಯರ್ ರಾಬರ್ಟ್ ಜುಬ್ರಿನ್ ಚೆನ್ನಾಗಿಯೇ ಅನುಭವಿಸಿದರು. 1998ರಲ್ಲಿ ‘ಮಾರ್ಸ್ ಸೊಸೈಟಿ’ಯನ್ನು ಸ್ಥಾಪಿಸಿದ ಅವರು, 2000ದ ಬೇಸಗೆಯಲ್ಲಿ ಕೆನಡಾದ ಉತ್ತರದಂಚಿನ ಡೆವನ್ ದ್ವೀಪದಲ್ಲಿ ಈ ಕಾರ್ಯಕ್ಕೆ ಕೈಹಾಕಿದರು. ನಿರ್ಜನ ದ್ವೀಪಗಳಲ್ಲಿ ಜಗತ್ತಿಗೆಲ್ಲ ದೊಡ್ಡದು ಅದು. ಮರವಿಲ್ಲ, ನೆರಳಿಲ್ಲ, ಎಂದೋ ಆಕಾಶದಿಂದ ಬಂದಪ್ಪಳಿಸಿದ ಬಂಡೆಯೊಂದು ಕೊರೆದ, ಸುಮಾರು 20 ಕಿಲೋಮೀಟರು ಅಗಲದ ಹಾಟನ್ ಕುಳಿ ಮಾತ್ರ ಉಂಟು.

ದಾರಿಯಿಲ್ಲದ ಆ ಎಡೆಗೆ ಸಾಮಗ್ರಿಯನ್ನು ವಿಮಾನದಿಂದ ಪ್ಯಾರಾಚೂಟುಗಳಲ್ಲಿ ಇಳಿಬಿಡಬೇಕಾಯಿತು. ಹೊರೆಯೊಂದು ಪ್ಯಾರಾಚೂಟಿನಿಂದ ಕಳಚಿ ನೆಲಕ್ಕೆ ಬಿದ್ದು ನುಚ್ಚುನೂರಾಯಿತು. ನಷ್ಟವಾದುದಾದರೂ ಏನು? ಮಹಡಿಯ ನೆಲ, ಗೋಡೆಗಳನ್ನೆತ್ತಬೇಕಾಗಿದ್ದ ಕ್ರೇನು, ಸಾಗಿಸುವ ಗಾಡಿ! ಸಂಬಳಕ್ಕೆ ಬಂದಿದ್ದ ಕಟ್ಟಡದವರು ಕೈಚೆಲ್ಲಿ ಹಿಂತಿರುಗಿದರು. ಉಳಿದವರು ಸ್ವಯಂಸೇವಕರು, ಕೆಲವರು ವಿಜ್ಞಾನಿಗಳು, ನೆರೆಯ ಊರಿನ ಇನ್ಯೂಟ್ ತರುಣರು. ಅವರು ಮರದಿಂದ ಮಹಡಿ ಹಾಸಿದರು. ಕ್ರೇನಿನ ಕೆಲಸವನ್ನು ಅಟ್ಟಣೆಯಿಂದಲೂ ತೋಳುಗಳಿಂದಲೂ ಸಾಧಿಸಿದರು. ಜುಲೈ ಮುಗಿಯುವ ಮುನ್ನ, ಸುಮಾರು ಎಂಟು ಮೀಟರು ಅಡ್ಡಳತೆಯ, ಎರಡಂತಸ್ತಿನ ದುಂಡುಮನೆ ಎದ್ದುನಿಂತಿತು. ಮಂಗಳನಲ್ಲಿಯೂ ಕ್ರೇನು ಮುರಿದೀತು. ಹಾಗೆ ನೋಡಿದರೆ ಆ ಅಪಘಾತವೇ ಮನೆಯ ಮೊದಲ ಪ್ರಯೋಗವೆನ್ನಬೇಕು.

ಅಲ್ಲಿ ಹೊಸ್ತಿಲು ದಾಟುವವರು ಗಗನಯಾತ್ರಿಗಳ ಉಡುಪನ್ನೇ ಹೋಲುವ ಉಡುಪು ತೊಡಬೇಕು. ಆದರೆ ಇದು ಮಂಗಳಲೋಕವೆಂದು ಹಿಮಕರಡಿಗೆ ತಿಳಿಹೇಳುವವರಾರು? ಅದಕ್ಕಾಗಿ ಕೋವಿ ಹಿಡಿದ ಕಾವಲಿನವನೂ ಜೊತೆಗಿರಬೇಕು!

ಹೊರಗಿನ ಕರಡಿಗಿಂತ ಒಳಗಿನ ಒಂಟಿತನ ದೊಡ್ಡ ಶತ್ರು. ಮಾಸ್ಕೋದಲ್ಲಿ 2010ರ ಜೂನಿನಿಂದ 2011ರ ನವೆಂಬರಿನವರೆಗೆ 520 ದಿನ ಆರು ಮಂದಿ ಹೀಗೆ ಮುಚ್ಚಿದ ಕೊಠಡಿಗಳಲ್ಲಿ ಬಾಳಿದರು. ದಿನ ಕಳೆದಂತೆ ಅವರ ಚಟುವಟಿಕೆ ಕುಗ್ಗಿತು; ಕೆಲವರ ನಿದ್ರೆಯ ಕ್ರಮ ತಪ್ಪಿತು. ಹ್ಯೂಸ್ಟನ್ನಿನಲ್ಲಿ 2023ರ ಜೂನಿನಲ್ಲಿ ಒಳಹೊಕ್ಕ ನಾಲ್ವರು 1,700 ಚದರ ಅಡಿಯ ಮನೆಯಿಂದ ಹೊರಬಂದುದು 378 ದಿನಗಳ ತರುವಾಯ. ಮಂಗಳನು ಬಹುದೂರದಲ್ಲಿದ್ದಾಗ ಇಲ್ಲಿಯ ಮಾತು ಅಲ್ಲಿಗೆ ತಲುಪಲು 22 ನಿಮಿಷ ಬೇಕು. ‘ಹೇಗಿದ್ದೀ?’ ಎಂದು ಕೇಳಿದ ತಾಯಿ ಉತ್ತರಕ್ಕೆ ಮುಕ್ಕಾಲು ಗಂಟೆ ಕಾಯಬೇಕು.

ಇದೆಲ್ಲ ಮಕ್ಕಳ ಮನೆಯಾಟವೆಂದು ನಗುವವರುಂಟು. ಅವರ ಮಾತು ಪೂರ್ತಿ ಸುಳ್ಳಲ್ಲ. ಮಂಗಳನ ಸೆಳೆತ ಭೂಮಿಯದರ ಶೇಕಡ 38 ಮಾತ್ರ. ಅದನ್ನು ಇಲ್ಲಿ ಯಾವ ಮೇಸ್ತ್ರಿಯೂ ಕಟ್ಟಿಕೊಡಲಾರ. ಬಾಗಿಲಾಚೆ ವೈದ್ಯನಿದ್ದಾನೆಂಬ ಧೈರ್ಯವನ್ನು ಮನಸ್ಸಿನಿಂದ ಕಿತ್ತೊಗೆಯಲೂ ಆಗದು. ಹವಾಯಿಯ ಮೌನಾ ಲೋವಾ ಜ್ವಾಲಾಮುಖಿಯ ಇಳಿಜಾರಿನಲ್ಲಿ ಇಂಥದೇ ಗುಮ್ಮಟದ ಮನೆಯೊಂದುಂಟು. 2018ರ ಫೆಬ್ರವರಿಯಲ್ಲಿ ಅಲ್ಲಿ ನಾಲ್ವರು ಎಂಟು ತಿಂಗಳ ವಾಸಕ್ಕೆಂದು ಒಳಹೊಕ್ಕರು. ಒಬ್ಬರಿಗೆ ವಿದ್ಯುತ್ತಿನ ಆಘಾತವಾಯಿತು. ಆಂಬ್ಯುಲೆನ್ಸ್ ಬೆಟ್ಟವೇರಿ ಬಂದು ಅವರನ್ನು ಆಸ್ಪತ್ರೆಗೆ ಒಯ್ದಿತು. ವಾಸ ನಾಲ್ಕೇ ದಿನಕ್ಕೆ ಮುಗಿಯಿತು.